ನಲವತ್ತೆಂಟು ಸೆಕೆಂಡಿನ ಅತ್ತೆ

ನನ್ನ ಗಂಡನ ಅಂತ್ಯಸಂಸ್ಕಾರಕ್ಕೆ ಬಂದಿದ್ದ ನೆಂಟರೆಲ್ಲ ಹೊರಟುಹೋದ ಮೇಲಿನ ಮೊದಲ ಮಾಮೂಲಿ ಬೆಳಿಗ್ಗೆ. ಶನಿವಾರ. ಆರು ಗಂಟೆಗೆ ಫೋನು ಬರುತ್ತದೆ.

"ಮೇಡಂ, ಇವತ್ತು ಸ್ಕೂಲ್ ಮಕ್ಕಳು ಬರ್ತಾರೆ. ನೀವು ಬರಲೇಬೇಕು ಅಂತೇನಿಲ್ಲ. ಬರದಿದ್ರೂ ನಡೆಯುತ್ತೆ. ಹಿಂದಿನ ಬಾಗಿಲು ತೆಗೆದಿಟ್ಟಿರ್ತೀನಿ, ಬನ್ನಿ."

ಗುಡಿಸಿದ ಮನೆಯನ್ನೇ ಮತ್ತೆ ಗುಡಿಸುತ್ತ ಕೂರುವುದಕ್ಕಿಂತ ವಾಸಿ ಎಂದು ಹೊರಡುತ್ತೇನೆ.

ವಿಶ್ವವಿದ್ಯಾಲಯದ ರಸಾಯನಶಾಸ್ತ್ರ ವಿಭಾಗದ ನೆಲಮಹಡಿಯ ಕೊನೆಯ ಕೋಣೆ. ಕಿಟಕಿಯಲ್ಲಿ ಆಗಷ್ಟೇ ಬೆಳಕು ಮೂಡಿದೆ. ತೊಟ್ಟಿಯ ಮುಂದೆ ನಿಂತ ವ್ಯಕ್ತಿ ಗಾಜಿನ ಫ್ಲಾಸ್ಕೊಂದನ್ನು ಬೆಳಕಿಗೆ ಹಿಡಿದು ಬೈಯುತ್ತಿದ್ದಾರೆ. "ನಿನ್ನೆ ಅಷ್ಟೊತ್ತು ಉಜ್ಜಿದೀನಿ. ಇನ್ನೂ ಮುಖದ ಮೇಲೆ ಕಲೆ ಇಟ್ಕೊಂಡು ಕೂತಿದೀಯಲ್ಲ, ನಾಚಿಕೆ ಆಗಲ್ವಾ?" ಹೆಜ್ಜೆ ಸದ್ದಿಗೆ ತಿರುಗಿ ನನ್ನನ್ನು ನೋಡಿ ಗಾಬರಿಯಾಗುತ್ತಾರೆ. "ನಿಮಗಲ್ಲ ಮೇಡಂ."

ಬೆಳಿಗ್ಗೆ ಫೋನು ಮಾಡಿದ್ದು ಇವರೇ, ಇಲ್ಲಿನ ಅಟೆಂಡರ್. ಇಪ್ಪತ್ತೇಳು ವರ್ಷದ ಸರ್ವಿಸು. ಶನಿವಾರಗಳಂದು ಸುತ್ತಮುತ್ತಲ ಶಾಲೆಗಳ ಮಕ್ಕಳು ಇಲ್ಲಿಗೆ ಬಂದು ಪ್ರಯೋಗಗಳನ್ನು ನೋಡುತ್ತಾರೆ, ಮಾಡುತ್ತಾರೆ, ಸ್ವಲ್ಪ ಒಡೆಯುತ್ತಾರೆ. ಆ ಮಕ್ಕಳಿಗೆ ಇವರು 'ಗಂಜಿ ಮಾಮ'. ಪ್ರಯೋಗಕ್ಕೆ ಬೇಕಾದ ಗಂಜಿಯನ್ನು, ಅಂದರೆ ಬಟ್ಟೆಗೆ ಹಾಕುವಂಥದ್ದನ್ನು, ಬರ್ನರಿನ ಮೇಲೆ ಕುದಿಸುವುದು ಇವರೇ. ಗಂಟು ಕಟ್ಟಿದರೆ ಚೆಲ್ಲಿ ಮತ್ತೆ ಕುದಿಸುತ್ತಾರೆ. "ಮನೇಲಿ ಸಾರು ಸೀದ್ರೂ ಕೇಳೋರಿಲ್ಲ ಮೇಡಂ. ಇಲ್ಲಿ ಗಂಜಿ ಗಂಟಾದ್ರೆ ಅರವತ್ತು ಮಕ್ಕಳು ಕೇಳ್ತಾರೆ."

ಶಾಲೆಯಲ್ಲಿ ಇವರು ಫೇಲಾದದ್ದು ಒಂದೇ ವಿಷಯದಲ್ಲಿ, ಮೂರು ಸಲ. ಯಾವ ವಿಷಯ ಎಂದು ಕೇಳಿದೆ. "ಇದೇ" ಎಂದು ಸುತ್ತಲ ಬಾಟಲಿಗಳ ಕಡೆ ಕೈ ತೋರಿಸಿದರು. "ಪುಸ್ತಕದಲ್ಲಿ ಇದಕ್ಕೆ ಬಣ್ಣಾನೂ ಇರಲಿಲ್ಲ, ವಾಸನೇನೂ ಇರಲಿಲ್ಲ. ನಾನು ಹೇಗೆ ಪಾಸಾಗ್ಲಿ?" ಇಲ್ಲಿಗೆ ಸೇರಿದ ಮೊದಲ ವರ್ಷ ಕಸ ಗುಡಿಸಿದರು, ಮುಂದಿನ ನಾಲ್ಕು ವರ್ಷ ಬಾಟಲಿ ತೊಳೆದರು. ಒಂದು ಸಲ ಮುಚ್ಚಳ ತೆಗೆದು ಮೂಸಿ ನೋಡಿ, ಎರಡು ದಿನ ಏನು ತಿಂದರೂ ಒಂದೇ ರುಚಿ. ಇವತ್ತಿಗೂ ಮಕ್ಕಳಿಗೆ ಹೇಳುವ ಮೊದಲ ಪಾಠ ಅದೇ: "ಮೂಗು ನಿಮ್ಮದು, ಬಾಟ್ಲಿ ನಂದು. ಎರಡೂ ಸೇರಬಾರದು."

ಒಂದು ಶನಿವಾರಕ್ಕೆ ಎರಡು ತಂಡ, ತಂಡಕ್ಕೆ ಅರವತ್ತು ಮಕ್ಕಳು. ತೊಳೆಯಬೇಕಾದ ಟೆಸ್ಟ್ ಟ್ಯೂಬು ಇನ್ನೂರ ನಲವತ್ತು. ಒರೆಸಬೇಕಾದ ಕಣ್ಣಿನ ರಕ್ಷಾ ಕನ್ನಡಕ ಅರವತ್ತೆರಡು, ಅದರಲ್ಲಿ ಎರಡು ಮಾತ್ರ "ಅಳೋ ಮಕ್ಕಳಿಗೆ" ಎಂದು ಕೆಂಪು ಪಟ್ಟಿಯವು.

ಈ ಕಾರ್ಯಕ್ರಮವನ್ನು ಹನ್ನೊಂದು ವರ್ಷ ನಡೆಸಿದ ಅಧ್ಯಾಪಕರು ನನ್ನ ಗಂಡ. "ಗಂಜಿ ಮಾಮನ ಬಗ್ಗೆ ಬರಿ" ಎಂದು ಆಗಾಗ ಹೇಳುತ್ತಿದ್ದರು. ಪತ್ರಿಕೆಯ ನನ್ನ ಅಂಕಣದಲ್ಲಿ ಗಡಿಯಾರ ರಿಪೇರಿಯವರ ಬಗ್ಗೆ ಬರೆದೆ, ಕೊಡೆ ಹೊಲಿಯುವವರ ಬಗ್ಗೆ ಬರೆದೆ. ಮನೆಯವರು ಕೊಟ್ಟ ಸಲಹೆಯನ್ನು ಯಾರು ಕೇಳುತ್ತಾರೆ?

ಈಗ ಕಾರ್ಯಕ್ರಮಕ್ಕೆ ಅಧ್ಯಾಪಕರಿಲ್ಲ. ಬೇರೆ ಯಾರೂ ಶನಿವಾರ ಬಿಟ್ಟುಕೊಡಲು ತಯಾರಿಲ್ಲ. ವಿಭಾಗದ ಮುಖ್ಯಸ್ಥೆ, ಗಂಜಿ ಮಾಮನ ಬಾಯಲ್ಲಿ 'ದೊಡ್ಡ ಮೇಡಂ', ಈ ಕೋಣೆಯನ್ನು ಮುರಿದ ಕುರ್ಚಿಗಳಿಗೆ ಕೊಡುವ ಯೋಚನೆಯಲ್ಲಿದ್ದಾರೆ. ಗಂಜಿ ಮಾಮ ಹೋಗಿ, ನಾನೇ ನಡೆಸಿಕೊಡ್ತೀನಿ ಎಂದರಂತೆ. ದೊಡ್ಡ ಮೇಡಂ ಕನ್ನಡಕ ತೆಗೆದು, ಒರೆಸಿ, ಮತ್ತೆ ಹಾಕಿಕೊಂಡರಂತೆ. ಇವತ್ತು ಕೂತು ನೋಡುತ್ತಾರೆ. ಮಕ್ಕಳನ್ನು ಹಿಡಿದಿಟ್ಟರೆ ಕೋಣೆ ಇವರದು. ಇಲ್ಲದಿದ್ದರೆ ಕುರ್ಚಿಗಳದು.

"ಹೆದರಿಕೆ ಆಗ್ತಿದೆಯಾ?" ಎಂದು ಕೇಳುತ್ತೇನೆ.

"ಇಲ್ಲ ಮೇಡಂ. ಇದೇ ಟ್ಯೂಬನ್ನ ನಾಲ್ಕನೇ ಸಲ ತೊಳೀತಿದೀನಿ, ಅಷ್ಟೇ."

ಎಲ್ಲ ಪ್ರಯೋಗಗಳ ಕೊನೆಗೆ ಬರುವುದು ಮಕ್ಕಳು ಕಾದು ಕೂರುವ ಪ್ರಯೋಗ. ನೀರಿನಂತೆ ಕಾಣುವ ಎರಡು ದ್ರಾವಣಗಳನ್ನು ಬೆರೆಸಬೇಕು. ಏನೂ ಆಗುವುದಿಲ್ಲ. ಸ್ವಲ್ಪ ಹೊತ್ತು ಏನೂ ಆಗುವುದಿಲ್ಲ. ಆಮೇಲೆ ಕಣ್ಣು ಮಿಟುಕಿಸುವಷ್ಟರಲ್ಲಿ ಪೂರಾ ಕಡುನೀಲಿ. ಗಂಜಿಗೆ ಅಯೋಡಿನ್ ತಗುಲಿದರೆ ನೀಲಿ. ತಗುಲದಂತೆ ತಡೆಯುವುದು ವಿಟಮಿನ್ ಸಿ ಮಾತ್ರೆಯ ಪುಡಿ. ಪುಡಿ ಮುಗಿದೊಡನೆ ಬಣ್ಣ. ಎಷ್ಟು ಪುಡಿಗೆ ಎಷ್ಟು ಸೆಕೆಂಡು ಎಂಬ ಲೆಕ್ಕದಲ್ಲಿ ಗಂಜಿ ಮಾಮನನ್ನು ಮೀರಿಸುವವರು ವಿಭಾಗದಲ್ಲಿಲ್ಲ. ನನ್ನ ಗಂಡ ಆ ಹೊತ್ತಿಗೆ ತಮ್ಮ ಅತ್ತೆಯ ಒಂದು ಕಥೆ ಹೇಳುತ್ತಿದ್ದರು. ಕಥೆ ನಲವತ್ತೆಂಟು ಸೆಕೆಂಡು. ಗಂಜಿ ಮಾಮ ಪುಡಿ ಹಾಕುತ್ತಿದ್ದದ್ದು ನಲವತ್ತೆಂಟು ಸೆಕೆಂಡಿಗೆ. "ಆಗ ಅತ್ತೆ ಆ ಕಡೆ ತಿರುಗಿದರು!" ಎನ್ನುವುದಕ್ಕೂ ಫ್ಲಾಸ್ಕು ನೀಲಿಯಾಗುವುದಕ್ಕೂ ಸರಿಹೋಗುತ್ತಿತ್ತು.

ಮೊದಲ ತಂಡ ಬರುತ್ತದೆ. ಗಂಜಿ ಮಾಮ ಮೂಗು-ಬಾಟಲಿ ಪಾಠ ಹೇಳುತ್ತಾರೆ. ಮಕ್ಕಳು ನಗುತ್ತಾರೆ. ಕಾಗದದ ಬಣ್ಣ ಬದಲಾಗುತ್ತದೆ, ಬಲೂನು ತನ್ನಷ್ಟಕ್ಕೆ ಉಬ್ಬುತ್ತದೆ, ಒಬ್ಬ ಹುಡುಗಿಗೆ ಕೆಂಪು ಪಟ್ಟಿಯ ಕನ್ನಡಕ ಸಿಗುತ್ತದೆ. ಎಲ್ಲ ಸಲೀಸು. ದೊಡ್ಡ ಮೇಡಂ ಮುಂದಿನ ಸಾಲಿನಲ್ಲಿ, ನಾನು ಹಿಂದಿನ ಸಾಲಿನಲ್ಲಿ. ಕೊನೆಗೆ ಗಂಜಿ ಮಾಮ ಎರಡು ದ್ರಾವಣಗಳನ್ನು ಬೆರೆಸಿ ಗಂಟಲು ಸರಿಮಾಡಿಕೊಳ್ಳುತ್ತಾರೆ.

"ನಮ್ಮ ಸರ್‌ಗೆ ಒಬ್ಬರು ಅತ್ತೆ ಇದ್ರು. ಆ ಅತ್ತೆ ಎಂಥವರು ಅಂದ್ರೆ..." ಕಣ್ಣು ನನ್ನ ಮೇಲೆ ಬೀಳುತ್ತದೆ. ಬಾಯಿ ಹಾಗೇ ನಿಲ್ಲುತ್ತದೆ. "ಒಳ್ಳೆಯವರು."

ಮಕ್ಕಳು ಕಾಯುತ್ತಾರೆ.

"ತುಂಬ ಒಳ್ಳೆಯವರು."

ಕಥೆ ಮುಗಿಯಿತು. ಹನ್ನೆರಡು ಸೆಕೆಂಡು. ಇನ್ನು ಮೂವತ್ತಾರು ಸೆಕೆಂಡು ಯಾರೂ ಏನೂ ಮಾಡುವಂತಿಲ್ಲ. ಫ್ಲಾಸ್ಕಿನಲ್ಲಿ ನೀರಿನಂಥ ನೀರು.

"ಮಾಮ, ಅತ್ತೆ ಏನಾದ್ರು?" ಎಂದು ಒಬ್ಬ ಕೇಳುತ್ತಾನೆ.

"ಊರಿಗೆ ಹೋದ್ರು."

"ಮಾಮ, ಇದು ಬರೀ ನೀರಾ?"

"ಹಂಗನ್ಬೇಡ ಕಂದ, ಇರು."

ನೀಲಿ ಬರುವಷ್ಟರಲ್ಲಿ ಅರ್ಧ ಮಕ್ಕಳು ಚೀಲ ಹೆಗಲಿಗೇರಿಸಿದ್ದಾರೆ. ದೊಡ್ಡ ಮೇಡಂ ಎದ್ದು ಬರುತ್ತಾರೆ. "ಕೈ ಚೆನ್ನಾಗಿದೆ. ಬಾಯಿ ಇಲ್ವಲ್ರೀ. ಮಕ್ಕಳಿಗೆ ಮಾತು ಬೇಕು. ಇನ್ನೊಂದು ತಂಡ ನೋಡ್ತೀನಿ, ಆಮೇಲೆ ಕುರ್ಚಿ ವಿಷಯ."

ಎರಡು ತಂಡಗಳ ನಡುವೆ ಇಪ್ಪತ್ತು ನಿಮಿಷ. ಗಂಜಿ ಮಾಮ ಸ್ಟೂಲಿನ ಮೇಲೆ ಕೂತು ನೆಲ ನೋಡುತ್ತಾರೆ.

"ನಾನಿದ್ದದ್ದಕ್ಕೆ ನಿಲ್ಲಿಸಿಬಿಟ್ರಾ?" ಎಂದೆ.

"ನಿಮ್ಮ ಎದುರಿಗೆ ನಿಮ್ಮ ತಾಯಿನ ಹೇಗೆ ಆಡ್ಕೊಳ್ಳಲಿ ಮೇಡಂ? ಅದೂ ಇಂಥ ಹೊತ್ತಲ್ಲಿ."

ನನ್ನ ತಾಯಿ ಈ ಕೋಣೆಯ ಹೊಸ್ತಿಲು ದಾಟಿದವರಲ್ಲ. ಆದರೂ ಒಂದು ಸಲ ಅಂಗಡಿಯಲ್ಲಿ ಆ ಕಥೆ ಕೇಳಿದ್ದ ಯಾರೋ ಹುಡುಗಿ "ಶಾಯಿ ಅಜ್ಜಿ ನೀವೇನಾ?" ಎಂದು ಕೇಳಿದ್ದಕ್ಕೆ ಅಳಿಯನ ಜೊತೆ ಒಂದು ವಾರ ಮಾತು ಬಿಟ್ಟಿದ್ದರು. ಅದನ್ನು ಹೇಳಿದೆ.

ಗಂಜಿ ಮಾಮ ತಲೆ ಕೆರೆದುಕೊಂಡರು. "ನಿಜಕ್ಕೆ ಆ ಅತ್ತೆ ಅವರಲ್ಲ ಮೇಡಂ, ಮಕ್ಕಳು ಹಾಗಂದ್ಕೊಂಡಿದಾರೆ ಅಷ್ಟೇ. ನಮ್ಮತ್ತೆ. ನಾನು ಊಟದ ಹೊತ್ತಲ್ಲಿ ಸರ್‌ಗೆ ಹೇಳಿದ್ದೆ. ಅವತ್ತು ಅವರ ಹತ್ರ ಮಕ್ಕಳಿಗೆ ಹೇಳಕ್ಕೆ ಕಥೆ ಇರಲಿಲ್ಲ. 'ನಿಮ್ಮತ್ತೆನ ಒಂದು ದಿನಕ್ಕೆ ಕೊಡಿ, ನಾಳೆ ವಾಪಸ್ ಕೊಡ್ತೀನಿ' ಅಂದ್ರು."

"ಆಮೇಲೆ?"

"ಹನ್ನೊಂದು ವರ್ಷ ಆಯ್ತು."

ಎಷ್ಟೋ ದಿನಗಳ ನಂತರ ನನಗೆ ನಗು ಬಂತು. ಅವರು ಕಡ ತಂದದ್ದನ್ನು ಸರಿಯಾದ ಹೊತ್ತಿಗೆ ಹಿಂದಿರುಗಿಸಿದವರೇ ಅಲ್ಲ. ನೆರೆಯವರ ಏಣಿ, ಗೆಳೆಯರ ಪುಸ್ತಕ, ಎಲ್ಲದರದೂ ಇದೇ ಪಾಡು.

"ಹಾಗಾದ್ರೆ ತಗೊಳ್ಳಿ" ಎಂದೆ. "ಅವರ ಪರವಾಗಿ ನಾನು ವಾಪಸ್ ಕೊಡ್ತಿದೀನಿ. ನಿಮ್ಮತ್ತೆ ನಿಮಗೆ. ನಮ್ಮಮ್ಮನನ್ನು ಬಿಟ್ಟುಬಿಡಿ."

"ತಡ ಆಯ್ತಲ್ಲ ಮೇಡಂ, ಸವೆದಿಲ್ಲ ತಾನೇ?"

"ಚೆನ್ನಾಗಿಯೇ ಇಟ್ಟುಕೊಂಡಿದ್ರು."

ಎದ್ದು ಹೊಸ ದ್ರಾವಣಕ್ಕೆ ಕೈ ಹಾಕಿದರು. ಪುಡಿ ಕಮ್ಮಿ ಮಾಡುತ್ತೀರಾ ಎಂದು ಕೇಳಿದೆ. "ಬೇಡ. ಸರ್ ಅಳತೆಯೇ ಇರಲಿ."

ಎರಡನೇ ತಂಡ. ಎರಡು ದ್ರಾವಣ ಸೇರುತ್ತವೆ. ನಾನು ಮನಸ್ಸಿನಲ್ಲೇ ಎಣಿಸತೊಡಗುತ್ತೇನೆ.

"ನನಗೆ ಈ ಕೆಲಸ ಸಿಕ್ಕಾಗ ನಮ್ಮತ್ತೆ ಕೇಳಿದ್ರು, ಅಳಿಯಂದ್ರೇ, ಅಲ್ಲಿ ಏನು ಮಾಡ್ತೀರಿ? ತೋರಿಸ್ತೀನಿ ಅಂತ ಇದೇ ಫ್ಲಾಸ್ಕ್ ತಗೊಂಡು ಹೋದೆ. ನೋಡಿದ್ರು, ನೋಡಿದ್ರು. ನೀರು ತೋರಿಸಕ್ಕೆ ಸಂಬಳ ಕೊಡ್ತಾರಾ ಅಂತ ಮಗಳನ್ನ ಬಯ್ಯಕ್ಕೆ ಆ ಕಡೆ ತಿರುಗಿದ್ರು. ಈ ಕಡೆ ನೀಲಿ! ಶಾಯಿ ಸುರಿದೆ ಅಂತ ನನ್ನ ಮೇಲೆ ಬಂದ್ರು. ಮಾರನೇ ದಿನ ಪಕ್ಕದ ಮನೆಯವಳನ್ನ ಸಾಕ್ಷಿಗೆ ಕೂರಿಸಿದ್ರು. ಒಬ್ಬರು ಈ ಕಡೆ, ಒಬ್ಬರು ಆ ಕಡೆ, ನಾನು ನಡುವೆ, ಕೈ ಎರಡೂ ಮೇಲೆ!"

ಕೈ ಎರಡೂ ಮೇಲೆತ್ತುತ್ತಾರೆ. ಸೆರಗು ಸಿಕ್ಕಿಸಿಕೊಂಡು ಸ್ಟೂಲಿನ ಮೇಲೆ ಕಣ್ಣರಳಿಸಿ ಕೂತ ಅತ್ತೆಯಾಗುತ್ತಾರೆ. ಸೀನು ತಡೆದುಕೊಳ್ಳುವ ಪಕ್ಕದ ಮನೆಯವಳಾಗುತ್ತಾರೆ. "ಸೀನಿದ್ಯೋ ನೋಡು!" ಎಂದು ಅತ್ತೆ ಅವಳ ಕಡೆ ತಿರುಗುತ್ತಾರೆ. ನಲವತ್ತೆಂಟು. ಫ್ಲಾಸ್ಕು ನೀಲಿಯಾಗುತ್ತದೆ. ಯಾರೂ ನೋಡುವುದಿಲ್ಲ. ಅರವತ್ತು ಜೊತೆ ಕಣ್ಣುಗಳು ಆ ಸೀನಿನ ಮೇಲಿವೆ.

ಕೊನೆಗೆ ಒಬ್ಬಳು ಮೇಜಿನ ಕಡೆ ನೋಡಿ ಚೀರುತ್ತಾಳೆ. "ಯಾರೋ ಶಾಯಿ ಹಾಕಿದಾರೆ!"

ಫ್ಲಾಸ್ಕಿಗೆ ಎಲ್ಲರಿಗಿಂತ ಹತ್ತಿರ ಕೂತಿರುವವರು ದೊಡ್ಡ ಮೇಡಂ. ಅರವತ್ತು ಬೆರಳುಗಳು ಅತ್ತ ತಿರುಗುತ್ತವೆ.

"ನಾನಲ್ಲ!" ಎನ್ನುತ್ತಾರೆ ವಿಭಾಗದ ಮುಖ್ಯಸ್ಥೆ. "ನಾನು ಆ ಅತ್ತೆನ ನೋಡ್ತಿದ್ದೆ."

"ಎಲ್ಲರೂ ಹಾಗೇ ಅಂತಾರೆ" ಎನ್ನುತ್ತಾರೆ ಗಂಜಿ ಮಾಮ.

ಕೋಣೆ ಸುಮ್ಮನಾಗಲು ಐದು ನಿಮಿಷ ಬೇಕಾಗುತ್ತದೆ. ದೊಡ್ಡ ಮೇಡಂ ಕನ್ನಡಕ ತೆಗೆದು, ಒರೆಸುತ್ತಾರೆ. ಮತ್ತೆ ಹಾಕಿಕೊಳ್ಳುವುದಿಲ್ಲ, ನಕ್ಕು ನೀರು ಬಂದ ಕಣ್ಣನ್ನೂ ಒರೆಸಿಕೊಳ್ಳಬೇಕಾಗಿದೆ. "ಇನ್ನೊಂದು ಸಲ ಮಾಡಿ. ಈ ಸಲ ನಾನು ದೂರ ನಿಲ್ತೀನಿ. ಮತ್ತೆ ಆ ಕುರ್ಚಿಗಳನ್ನ ಎಲ್ಲಿಡೋದು ಅಂತ ಸೋಮವಾರ ನೋಡೋಣ. ಇಲ್ಲಂತೂ ಅಲ್ಲ."

ಮಧ್ಯಾಹ್ನ ಇನ್ನೂರ ನಲವತ್ತು ಟೆಸ್ಟ್ ಟ್ಯೂಬು ತೊಟ್ಟಿಯಲ್ಲಿವೆ. ನಾನು ಒರೆಸುವ ಬಟ್ಟೆ ತೆಗೆದುಕೊಳ್ಳುತ್ತೇನೆ. ಕಾರ್ಯಕ್ರಮ ಉಳಿಯಿತು, ಇನ್ನೇನು ಆಸೆ ಎಂದು ಕೇಳುತ್ತೇನೆ. ಅವರು ಒಂದು ಟ್ಯೂಬನ್ನು ಬೆಳಕಿಗೆ ಹಿಡಿದು ನೋಡುತ್ತಾರೆ.

"ನಮ್ಮತ್ತೆಗೆ ಈಗ ಎಂಬತ್ತನಾಲ್ಕು. ಮುಂದಿನ ಶನಿವಾರ ಕರ್ಕೊಂಡು ಬಂದು ಮುಂದಿನ ಸಾಲಲ್ಲಿ ಕೂರಿಸ್ಬೇಕು ಮೇಡಂ. ಶಾಯಿ ಅಲ್ಲ ಅಂತ ಅವರು ಇನ್ನೂ ಒಪ್ಪಿಲ್ಲ."