ಅಳು ಎತ್ತಿಕೊಡುವ ರತ್ನವ್ವ

ನಮ್ಮ ಓಣಿಯಲ್ಲಿ ಯಾರಾದರೂ ತೀರಿಕೊಂಡರೆ ಬೀಗರಿಗಿಂತ ಮೊದಲು ರತ್ನವ್ವನಿಗೆ ಸುದ್ದಿ ಹೋಗುತ್ತಿತ್ತು. ಕೇಶ್ವಾಪುರದ ಈ ಓಣಿಗೆ ನಾನು ಮದುವೆಯಾಗಿ ಬಂದಾಗಿನಿಂದ ನೋಡಿದ್ದೇನೆ. ತಲೆಯ ಮೇಲೆ ಸೆರಗು ಎಳೆದುಕೊಂಡು ಒಳಗೆ ಹೋಗಿ, ಗೋಡೆಗೆ ಒರಗಿಸಿ ಕೂರಿಸಿದ ಶವದ ಎದುರು ಕೂತು, ಸತ್ತವರ ಹೆಸರು ಹಿಡಿದು ಕರೆಯುವಳು. ಆಮೇಲೆ ಅವರು ಮಾಡಿದ ಒಂದೊಂದು ಕೆಲಸವನ್ನೂ ನೆನೆದು ರಾಗವಾಗಿ ಅಳುವಳು. ಇದಕ್ಕೆ ನಮ್ಮ ಕಡೆ ಹಾಡ್ಯಾಡಿ ಅಳೂದು ಎನ್ನುತ್ತಾರೆ.

ಇದರಲ್ಲಿ ಒಂದು ಪದ್ಧತಿ ಇದೆ. ಸತ್ತವರ ಮನೆಯವರು ತಾವಾಗಿ ಸುರು ಮಾಡುವುದಿಲ್ಲ. ದುಃಖ ದೊಡ್ಡದಿದ್ದಾಗ ಬಾಯಿ ಕಟ್ಟಿಹೋಗಿರುತ್ತದೆ, ಬೇರೆ ಯಾರಾದರೂ ಎತ್ತಿಕೊಡಬೇಕು, ಆಗ ಮನೆಯವರ ಗಂಟಲು ಬಿಡುತ್ತದೆ. ಎಷ್ಟೋ ಮನೆಗಳಲ್ಲಿ ಕಲ್ಲಿನ ಹಾಗೆ ಕೂತವರನ್ನು ರತ್ನವ್ವ ಅಳಿಸಿ ಬದುಕಿಸಿದ್ದಾಳೆ. ನಾನು ಇಂಥದಕ್ಕೆಲ್ಲ ಮೂಗು ಮುರಿಯುವವಳು. ಆದರೆ ನಮ್ಮ ಮಾವನವರು ಹೋದ ದಿನ ಆಕೆ ಬಂದು ಎತ್ತಿಕೊಡದಿದ್ದರೆ ನಮ್ಮತ್ತೆ ಏನಾಗುತ್ತಿದ್ದರೋ ದೇವರಿಗೇ ಗೊತ್ತು.

ಹೋದ ವರ್ಷ ರತ್ನವ್ವನ ಮಗಳೇ ತೀರಿಕೊಂಡಳು. ದಾಕ್ಷಾಯಿಣಿ. ಗಂಡ ಸತ್ತ ಮೇಲೆ ಸಣ್ಣ ಮಗನನ್ನು ಕಟ್ಟಿಕೊಂಡು ತವರಿಗೆ ಬಂದು, ಖಾನಾವಳಿಗಳಿಗೆ ರೊಟ್ಟಿ ಬಡಿದು ಕೊಟ್ಟು ಮನೆ ನಡೆಸಿದವಳು. ಆ ದಿನ ಓಣಿಯ ಹೆಂಗಸರೆಲ್ಲ ಹೋಗಿ ಕೂತೆವು. ಎತ್ತುವವಳು ರತ್ನವ್ವ ಎಂದು ನಾವು ಅವಳ ಬಾಯಿ ನೋಡಿದೆವು. ಯಾರಾದರೂ ಎತ್ತಿಕೊಟ್ಟಾರು ಎಂದು ಅವಳು ನಮ್ಮ ಬಾಯಿ ನೋಡಿದಳು. ಅವಳ ಮುಂದೆ ಬಾಯಿ ತೆರೆಯುವ ಧೈರ್ಯ ಯಾರಿಗಿದೆ? ಒಬ್ಬೊಬ್ಬರೂ ಸೆರಗಿನಲ್ಲಿ ಮುಖ ಮುಚ್ಚಿಕೊಂಡು ನಮ್ಮಷ್ಟಕ್ಕೆ ನಾವು ಅತ್ತು ಬಂದೆವು. ರತ್ನವ್ವ ಮಗಳ ಹಣೆಗೆ ವಿಭೂತಿ ಹಚ್ಚಿದಳು, ಹೂವಿನ ಹಾರ ಸರಿ ಮಾಡಿದಳು. ಕಣ್ಣಲ್ಲಿ ಒಂದು ಹನಿ ಇಲ್ಲ.

ಅಲ್ಲಿಂದ ಮುಂದೆ ಅವಳು ಯಾರ ಸಾವಿಗೂ ಹೋಗಲಿಲ್ಲ. ಊಟ ಸೇರದು, ನಿದ್ದೆ ಹತ್ತದು. ಎದೆ ಬಿಗಿದಂತಾಗುತ್ತದೆ ಎಂದು ಡಾಕ್ಟರ ಹತ್ತಿರ ಕರೆದುಕೊಂಡು ಹೋದರೆ, ಹೃದಯ ಗಟ್ಟಿ ಇದೆ ಎಂದು ಕಳಿಸಿದರು.

"ಅಳು ಒಳಗ ಕುಂತೈತಿ ರಜನಿ. ಹೊರಗ ಬರವಲ್ಲದು. ಹಿಂಗ ಆದ್ರ ನಾ ಭಾಳ ದಿನ ಉಳ್ಯಾಂಗಿಲ್ಲ ನೋಡವಾ," ಎಂದು ಒಂದು ಸಂಜೆ ನಮ್ಮ ಕಟ್ಟೆಯ ಮೇಲೆ ಕೂತು ಹೇಳಿದಳು.

ಮನೆಯಲ್ಲಿ ಉಳಿದವನು ಮೊಮ್ಮಗ ಅಮರೇಶ. ಇಲ್ಲೇ ಹತ್ತಿರದ ಬೇಲೂರು ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಕೆಲಸ, ಉಳಿದ ಹೊತ್ತೆಲ್ಲ ಗಿಟಾರು. ಗೆಳೆಯರ ಜೊತೆ 'ಕೊನೀ ಬಸ್ಸು' ಎಂಬ ಬ್ಯಾಂಡು ಕಟ್ಟಿದ್ದ. ಆಷಾಢದ ಒಂದು ಭಾನುವಾರ ಮಧ್ಯಾಹ್ನ ಅಜ್ಜಿಯನ್ನೂ ನನ್ನನ್ನೂ ತಮ್ಮ ಹಾಡಿನ ಕಾರ್ಯಕ್ರಮಕ್ಕೆ ಕರೆಯಲು ಬಂದ. ಬೆಳಗಾವಿ, ಗೋವಾದಿಂದಲೂ ಬ್ಯಾಂಡುಗಳು ಬರುತ್ತವಂತೆ, ಎಮೋ ಮತ್ತು ಪಾಪ್-ಪಂಕ್ ಅಂತೆ.

"ಹಂಗಂದ್ರೇನೋ?" ಎಂದೆ.

"ಎಮೋ ಅಂದ್ರ ಎದ್ಯಾಗಿಂದು ಹೊರಗ ಚೀರೂದ್ರಿ ಕಾಕೂ. ಪಾಪ್-ಪಂಕ್ ಅಂದ್ರ ಅದನ್ನ ಜಿಗಕೋತ ಚೀರೂದು."

ರತ್ನವ್ವ ಒಲ್ಲೆ ಎಂದಳು. ನಾನೇ ಬಲವಂತ ಮಾಡಿ ಆಟೋ ಹತ್ತಿಸಿದೆ. ಮನೆಯಲ್ಲಿ ಗೋಡೆ ನೋಡುತ್ತ ಕೂಡುವುದಕ್ಕಿಂತ ವಾಸಿ ಎಂದುಕೊಂಡೆ.

ಕಾರ್ಯಕ್ರಮದ ಹಾಲ್ ಎಂದರೆ ಮದುವೆ ಹಾಲೇ. ಆಷಾಢದಲ್ಲಿ ಮದುವೆ ಇಲ್ಲ, ಖಾಲಿ ಬಿದ್ದಿತ್ತು. ಮದುಮಕ್ಕಳು ಕೂಡುವ ವೇದಿಕೆಯ ಮೇಲೆ ಡ್ರಮ್ಮು, ಆಳೆತ್ತರದ ಸ್ಪೀಕರು. ಕೆಳಗೆ ಕಪ್ಪು ಅಂಗಿಯ ಹುಡುಗ ಹುಡುಗಿಯರು, ಹುಡುಗರ ಕಣ್ಣಿಗೂ ಕಾಡಿಗೆ. ಒಂದೇ ಒಂದು ಕುರ್ಚಿ ಇಲ್ಲ. ಸಂಕೋಚವಿಲ್ಲದೆ ಹೇಳುತ್ತೇನೆ, ಊಟದ ವ್ಯವಸ್ಥೆ ಎಲ್ಲಿ ಎಂದು ನಾನು ಅಭ್ಯಾಸಬಲದಿಂದ ಹುಡುಕಿದೆ. ಮಾನಸಿ ಎಂಬ ಕಾಲೇಜು ಹುಡುಗಿ ಎರಡು ಕುರ್ಚಿ ಎಲ್ಲಿಂದಲೋ ತಂದು, "ಕೂಡ್ರಿ ಅಜ್ಜಿ," ಎಂದು ಮುಂದೆಯೇ ಹಾಕಿದಳು.

ಗೋವಾದವರು ಜಿಗಿದು ಹೋದರು. ನನ್ನ ತಲೆ ಒಡೆಯುವುದೊಂದು ಬಾಕಿ ಇತ್ತು. ಆಮೇಲೆ ಬೆಳಗಾವಿಯ ಹುಡುಗ ಬಂದ. ಕಣ್ಣು ಮುಚ್ಚಿ ಚೀರಿದ, ಎದೆ ಬಡಿದುಕೊಂಡ, ಗಂಟಲು ಒಡೆದು ಅತ್ತ. ರತ್ನವ್ವ ಕುರ್ಚಿಯ ತುದಿಗೆ ಸರಿದಳು. ಬಹಳ ದಿನಗಳ ಮೇಲೆ ಅವಳ ಮುಖದಲ್ಲಿ ಕಳೆ ಕಂಡಿತು.

"ಯಾರು ಹೋಗ್ಯಾರವಾ ಈ ಹುಡುಗನ ಮನ್ಯಾಗ?" ಎಂದು ಮಾನಸಿಯ ಕಿವಿಯಲ್ಲಿ ಕೇಳಿದಳು.

"ಯಾರೂ ಸತ್ತಿಲ್ಲ ಅಜ್ಜಿ. ಹುಡುಗಿ ಬಿಟ್ಟು ಹೋಗ್ಯಾಳ."

"ಇಷ್ಟಕ್ಕ ಇಷ್ಟು ಅಳು? ದನಿ ಛಲೋ ಐತಿ ಬಿಡು. ಆದ್ರ ಹೆಸರ ಹಿಡದು ಕರೀವಲ್ಲ ನೋಡು, ಅದಕ್ಕ ಪೂರ್ತಿ ಬರವಲ್ಲದು."

ಅಷ್ಟರಲ್ಲಿ ಹುಡುಗ ಮೊಣಕಾಲೂರಿ ವೇದಿಕೆಯ ಮೇಲೆ ಕುಸಿದ. ಅದು ಅವರ ಆಟದ ಒಂದು ಭಾಗ ಎಂದು ರತ್ನವ್ವನಿಗೆ ಹೇಗೆ ಗೊತ್ತಾಗಬೇಕು? ಸಾವಿನ ಮನೆಯಲ್ಲಿ ಅಳುವವರು ಕುಸಿದರೆ ಓಡಿ ಹಿಡಿಯುವುದು ಅವಳ ರೂಢಿ. ನಾನು ಸೆರಗು ಹಿಡಿಯುವುದರೊಳಗೆ ಮೆಟ್ಟಿಲು ಹತ್ತಿ, ಅವನ ತಲೆಯನ್ನು ಹೆಗಲಿಗೆ ಆನಿಸಿಕೊಂಡು, "ಸಾಕೋ ನನ್ನಪ್ಪಾ, ಒಂದ್ ಗುಟುಕು ನೀರ್ ಕುಡಿ," ಎಂದಳು. ಮೈಕಿನಲ್ಲಿ ಇಡೀ ಹಾಲಿಗೆ ಕೇಳಿತು. ಹೋ ಎಂದು ಸಿಳ್ಳೆ ಬಿದ್ದವು. ನಾನು ನಾಚಿಕೆಯಿಂದ ಮುಖ ಮುಚ್ಚಿಕೊಂಡೆ. ಆ ಹುಡುಗ ಮೊದಲು ನಕ್ಕ. ಆಮೇಲೆ ನಗು ನಿಂತು, ಆ ಹೆಗಲ ಮೇಲೆ ಸ್ವಲ್ಪ ಹೊತ್ತು ಹಾಗೆಯೇ ಇದ್ದ.

ಮಾನಸಿ ಹೋಗಿ ರತ್ನವ್ವನನ್ನು ಕೆಳಗೆ ಕರೆತಂದು ಕುರ್ಚಿಯಲ್ಲಿ ಕೂರಿಸಿದಳು. ಕೊನೆಗೆ ಅಮರೇಶನ ಸರದಿ. "ಇದು ನಮ್ಮವ್ವಂದು," ಎಂದಷ್ಟೇ ಹೇಳಿ ಗಿಟಾರು ಬಾರಿಸಿದ.

"ಯವ್ವಾ, ನೀ ರೊಟ್ಟಿ ಬಡಿಯೂ ಸಪ್ಪಳಕ್ಕ ಬೈದಿದ್ದೆ,
ನಿದ್ದಿ ಕೆಡಸಬ್ಯಾಡಂತ ಬೈದಿದ್ದೆ.
ಸಪ್ಪಳ ನಿಂತೈತಿ ಯವ್ವಾ, ನನಗ ನಿದ್ದಿ ಬರವಲ್ಲದು..."

ಅವನು ಅದನ್ನು ಹಾಡಿದನೋ ಚೀರಿದನೋ, ನನಗೆ ತಿಳಿಯದು. 'ಯವ್ವಾ' ಎಂದು ಕರೆದಾಗಲೆಲ್ಲ ಇಡೀ ಹಾಲ್ ನಡುಗುತ್ತಿತ್ತು. ರತ್ನವ್ವ ಎದ್ದು ನಿಂತಿದ್ದಳು. ನನ್ನ ರಟ್ಟೆಯನ್ನು ಗಟ್ಟಿಯಾಗಿ ಹಿಡಿದುಕೊಂಡಿದ್ದಳು. ಅವಳ ಗಂಟಲಿನಿಂದ ಏನೋ ಒಂದು ಸದ್ದು ಬಂತು. ಮೊದಲು ಸ್ಪೀಕರಿನದು ಎಂದುಕೊಂಡೆ.

"ದಾಕ್ಷಾಯಿಣೀ... ನನ್ನ ಮಗಳಾ... ಹಂಚಿಗೆ ಕೈ ಸುಟಗೊಂಡ್ಯೇ ನನ್ನವ್ವಾ, ಸುಟ್ಟ ಕೈಲೇ ನಮಗ ಉಣ್ಣಾಕ ನೀಡಿದ್ಯೇ ನನ್ನ ಮಗಳಾ..."

ಅಮರೇಶನ ಕೈ ನಿಂತಿತು. ಡ್ರಮ್ಮೂ ನಿಂತಿತು. ಅಷ್ಟು ಹುಡುಗರು ಇದ್ದ ಹಾಲಿನಲ್ಲಿ ಮುದುಕಿಯ ಅಳು ಒಂದೇ ಕೇಳುತ್ತಿತ್ತು, ಯಾರೂ ನಗಲಿಲ್ಲ. ಅಮರೇಶ ಗಿಟಾರು ಕೆಳಗಿಟ್ಟು ವೇದಿಕೆಯಿಂದ ಜಿಗಿದು ಬಂದ.

"ಆಯಿ, ಸಾಕವಾ. ಬಾ, ಮನಿಗೆ ಹೋಗೂಣು."

ರತ್ನವ್ವ ಅವನ ಕೈ ಕೊಡವಿದಳು. ಕಣ್ಣು, ಮೂಗು ಎಲ್ಲ ಸುರಿಯುತ್ತಿತ್ತು.

"ಯಾಕ ನಿಲ್ಲಿಸಿದ್ಯೋ? ವರ್ಷಾತು, ಯಾರೂ ನನಗ ಎತ್ತಿಕೊಡಲಿಲ್ಲ. ನೀ ಎತ್ತಿಕೊಟ್ಟಿ. ಈಗ ನಡುವ ಬಿಡಬ್ಯಾಡೋ ಮಗನ, ನಂದಿನ್ನೂ ಭಾಳ ಐತಿ."

ಅಮರೇಶ ಅವಳ ಮುಖ ನೋಡಿದ. ಅವನ ಕಾಡಿಗೆ ಕೆನ್ನೆಗೆ ಇಳಿದಿತ್ತು. ವೇದಿಕೆಗೆ ಮರಳಿ ಹೋಗಲಿಲ್ಲ. ಅಜ್ಜಿಯನ್ನು ನೆಲದ ಮೇಲೆ ಕೂರಿಸಿ, ತಾನೂ ಎದುರಿಗೆ ಕೂತು, ಮೈಕು ಗಿಟಾರು ಒಂದೂ ಇಲ್ಲದೆ ಮೊದಲಿನಿಂದ ಸುರು ಮಾಡಿದ. ಅವನು "ಯವ್ವಾ" ಎಂದ, ಅವಳು "ನನ್ನ ಮಗಳಾ" ಎಂದಳು. ಸುತ್ತ ನಿಂತವರು ಒಬ್ಬೊಬ್ಬರಾಗಿ ನೆಲಕ್ಕೆ ಕೂತರು. ನಾನೂ ಕೂತೆ, ಮತ್ತು ದಾಕ್ಷಾಯಿಣಿಗಾಗಿ ಬಾಯಿಬಿಟ್ಟು ಅತ್ತೆ.