ತೊಳೆದುಕೊಟ್ಟ ಬಾಟಲಿಗಳು

ರಾತ್ರಿ ನೆನೆಹಾಕಿದ್ದ ಅವರೆಕಾಳನ್ನು ಮುಂದಿಟ್ಟುಕೊಂಡು ಹಿತಕುತ್ತಾ ಕೂತಿದ್ದೆ. ಈ ಕೆಲಸಕ್ಕೆ ಎರಡು ಬೆರಳು ಸಾಕು, ತಲೆ ಬೇಕಿಲ್ಲ. ಹಾಗಾಗಿ ದೇವರ ನಾಮ ಹೇಳಿಕೊಳ್ಳಲು ನನಗೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವುದಿಲ್ಲ. ಅರ್ಧ ಪಾತ್ರೆ ಆಗಿತ್ತು, ಫೋನು ಬಂತು. ಮಗಳು.

"ಅಮ್ಮ, ಅಕ್ಕಿಹೆಬ್ಬಾಳಿನ ಸ್ಯಾಂಪಲ್ ಎಲ್ಲಾ ಹೋಯ್ತು."

"ಚೆಲ್ಲೋಯ್ತಾ ಮಗ?"

"ಚೆಲ್ಲಿದ್ರೆ ಪರವಾಗಿರ್ಲಿಲ್ಲ. ಕೆಟ್ಟೋಗವೆ. ಒಂದೂ ಲೆಕ್ಕಕ್ಕಿಲ್ಲ ಅಂದ್ರು ಲ್ಯಾಬ್ ಮೇಡಂ."

ಆ ಕಡೆ ಅಳುತ್ತಿದ್ದಾಳೆಂದು ಗೊತ್ತಾಯಿತು. ಅವಳು ಅಳುವಾಗ ಮೂಗು ಎಳೆಯುವುದಿಲ್ಲ, ಸುಮ್ಮನಾಗಿಬಿಡುತ್ತಾಳೆ.

ಮಗಳು ಡಿಗ್ರಿಯ ಕೊನೆಯ ವರ್ಷದಲ್ಲಿದ್ದಳು. ಕಣ್ಣಿಗೆ ಕಾಣದ ಜೀವಿಗಳ ಬಗ್ಗೆ ಓದು. ಆ ವರ್ಷ ಎಲ್ಲರೂ ಹೊರಗೆ ಎಲ್ಲಾದರೂ ಇಂಟರ್ನ್‌ಶಿಪ್ ಮಾಡಲೇಬೇಕಿತ್ತು. ಅದಕ್ಕೂ ಪರೀಕ್ಷೆಯ ಹಾಗೆ ಕ್ರೆಡಿಟ್ ಕೊಡುತ್ತಾರೆ. ಆ ಕ್ರೆಡಿಟ್ ಬಾರದಿದ್ದರೆ ಡಿಗ್ರಿ ಮುಗಿದ ಹಾಗಲ್ಲ, ಎಂ.ಎಸ್ಸಿ.ಗೆ ಅರ್ಜಿ ಹಾಕುವ ಹಾಗೂ ಇಲ್ಲ. ಶ್ರೀರಂಗಪಟ್ಟಣದಲ್ಲಿ ಹೈವೇ ಪಕ್ಕದ ಒಂದು ಸಣ್ಣ ಲ್ಯಾಬಿನಲ್ಲಿ ತಾನೇ ಹೋಗಿ ಕೇಳಿ ಜಾಗ ಗಿಟ್ಟಿಸಿಕೊಂಡಿದ್ದಳು. ಪಾಂಡವಪುರದ ನಮ್ಮ ಮನೆಯಿಂದ ಬೆಳಗಿನ ಬಸ್ಸಿಗೆ ಹೋದರೆ ಸಂಜೆಗೆ ವಾಪಸ್ಸು. ಮನೆಯಿಂದಲೇ ಹೋಗಿಬರುವಷ್ಟು ದೂರದಲ್ಲಿ ಸಿಕ್ಕಿತಲ್ಲ ಎಂದು ರಂಗನಾಥನಿಗೆ ನಾನು ಆಗಲೇ ಒಂದು ಕೈ ಮುಗಿದಿದ್ದೆ.

ಅವಳು ಆರಿಸಿಕೊಂಡ ವಿಷಯ ಮನೆ ಮೊಸರು. ಮೊಸರು ಮಾಡುವ ಜೀವಿಗಳು ಮನೆಯಿಂದ ಮನೆಗೆ ಹೇಗೆ ಬೇರೆಯಾಗುತ್ತವೆ ಎಂದು ನೋಡುವುದು. ಅಂಗಡಿಯ ಹೆಪ್ಪನ್ನು ಯಾವತ್ತೂ ಬಳಸದ ಮನೆಗಳೇ ಬೇಕಿತ್ತು. ನಮ್ಮ ಬೀದಿಯಲ್ಲಿ ಕೆಲವು ಸಿಕ್ಕವು. ನಾಗಮಂಗಲ ಕಡೆ ನನ್ನ ನಾದಿನಿಯ ಊರು ಬಿಂಡಿಗನವಿಲೆಯಲ್ಲಿ ಇನ್ನಷ್ಟು. ಮಿಕ್ಕಿದ್ದು ನನ್ನ ತವರು ಅಕ್ಕಿಹೆಬ್ಬಾಳಿನಿಂದ. ನಾನು ಮದುವೆಯಾಗಿ ಬರುವಾಗ ನಮ್ಮವ್ವ ಸಣ್ಣ ಡಬ್ಬಿಯಲ್ಲಿ ಕಟ್ಟಿಕೊಟ್ಟ ಹೆಪ್ಪೇ ಇವತ್ತಿಗೂ ನಮ್ಮ ಮನೆಯಲ್ಲಿ ನಡೆಯುತ್ತಿರುವುದು. ಹಾಗಾಗಿ ಮಗಳಿಗೆ ಅಕ್ಕಿಹೆಬ್ಬಾಳಿನ ಮೊಸರು ಬಲು ಮುಖ್ಯವಾಗಿತ್ತು. ಒಂದೇ ಹೆಪ್ಪು ಎರಡು ಊರಲ್ಲಿ ಏನಾಗಿದೆ ಎಂದು ನೋಡುವ ಆಸೆ ಅವಳಿಗೆ.

ಬೇರೆ ಕಡೆಯೆಲ್ಲ ತಾನೇ ನಿಂತು ಬಾಟಲಿ ತುಂಬಿದ್ದಳು. ಅಕ್ಕಿಹೆಬ್ಬಾಳಿನಲ್ಲಿ ಮಾತ್ರ ರೈಲಿಗೆ ಹೊತ್ತಾಯಿತೆಂದು ಖಾಲಿ ಬಾಟಲಿಗಳನ್ನೂ ಮಂಜುಗಡ್ಡೆಯ ಡಬ್ಬಿಯನ್ನೂ ನನ್ನ ಅತ್ತಿಗೆಯ ಕೈಗೆ ಕೊಟ್ಟು, ಬೆಳಿಗ್ಗೆ ಒಂದೊಂದು ಮನೆಯ ಮೊಸರು ತುಂಬಿಸಿಡಿ ಎಂದು ಹೇಳಿ ಬಂದುಬಿಟ್ಟಿದ್ದಳು. ಮಾರನೆಯ ದಿನ ನಮ್ಮಣ್ಣ ಜೋಪಾನವಾಗಿ ಲ್ಯಾಬಿಗೆ ಮುಟ್ಟಿಸಿದ್ದ.

"ಕೆಟ್ಟಿದ್ದು ಎಂಗೆ ಗೊತ್ತಾಯ್ತು?" ಎಂದೆ.

"ಎಲ್ಲಾದ್ರಲ್ಲೂ ಮೊಸರಿಗೆ ಸಂಬಂಧ ಇಲ್ದಿರೋ ನೀರಿನ ಜೀವಿಗಳು ಬೆಳ್ಕೊಂಡವೆ. ಎಲ್ಲಿಂದ ಬಂದ್ವು ಅಂತ ಮೇಡಂ ತಲೆ ಕೆಡಿಸ್ಕೊಂಡಿದ್ರು. ಆಮೇಲೆ ಮಿಕ್ಕಿದ್ದ ಒಂದು ಖಾಲಿ ಬಾಟ್ಲಿ ಮುಚ್ಚಳ ತೆಗುದ್ರು. ಅದರೊಳಗೆ ಒಂದು ಬೆಲ್ಲದ ಚೂರು ಇತ್ತಮ್ಮ! ನೀರಿನ ಹನಿ ಬೇರೆ."

ನನಗೆ ಎಲ್ಲ ಅರ್ಥವಾಗಿಹೋಯಿತು. ಇಸಿದುಕೊಂಡ ಪಾತ್ರೆಯನ್ನು ನಮ್ಮತ್ತಿಗೆ ಬರಿದಾಗಿ ವಾಪಸ್ ಕೊಟ್ಟವಳೇ ಅಲ್ಲ. ಬೆಲ್ಲವೋ ಸಕ್ಕರೆಯೋ ಏನಾದರೂ ಹಾಕಿಯೇ ಕೊಡುವುದು. ಹಾಗೆ ಕೊಡುವ ಮುಂಚೆ ತೊಳೆಯದೆ ಇರುತ್ತಾಳೆಯೇ? ಯಾವ ಹೆಂಗಸು ಪೇಟೆಯಿಂದ ಬಂದ ಬಾಟಲಿಗೆ ತೊಳೆಯದೆ ಮೊಸರು ಹಾಕುತ್ತಾಳೆ? ಇಡೀ ಬೀದಿಯೇ ಸೇರಿ ತಿಕ್ಕಿ ತೊಳೆದಿರಬೇಕು. ನನಗೆ ನಗು ತಡೆಯಲಾಗಲಿಲ್ಲ.

"ನಗಬೇಡಮ್ಮ. ಮೇಡಂ ಹೊಸ ಬಾಟ್ಲಿ ಕೊಟ್ಟವ್ರೆ. ಸೋಮವಾರದೊಳಗೆ ತರ್ಬೇಕು, ಇಲ್ದಿದ್ರೆ ಕೆಲಸ ಪೂರ್ತಿ ಆಯ್ತು ಅಂತ ಸೈನ್ ಹಾಕಾಕಾಗಲ್ಲ ಅಂದ್ರು. ನಮ್ಮನೆ ಮೊಸರನ್ನೇ ತುಂಬಿ ಅಕ್ಕಿಹೆಬ್ಬಾಳು ಅಂತ ಬರ್ದುಬಿಡು, ಯಾರಿಗೆ ಗೊತ್ತಾಯ್ತದೆ ಅಂತಾವ್ರೆ ಫ್ರೆಂಡ್ಸು."

"ಗೊತ್ತಾಗೋನಿಗೆ ಗೊತ್ತಾಯ್ತದೆ. ಶುಕ್ರವಾರ ನಾನೂ ಬತ್ತೀನಿ, ನಡಿ."

ಶುಕ್ರವಾರ ಕೆ.ಆರ್. ಪೇಟೆ ಬಸ್ಸು ಹಿಡಿದು, ಅಲ್ಲಿಂದ ಇನ್ನೊಂದು ಬಸ್ಸಿಗೆ ಹತ್ತಿದೆವು. ಎರಡರಲ್ಲೂ ಕೂರಲು ಜಾಗ ಸಿಕ್ಕಿತು, ಬಾಟಲಿಯ ಚೀಲ ಮಗಳ ಮಡಿಲು ಬಿಟ್ಟು ಇಳಿಯಲಿಲ್ಲ. ಊರು ತಲುಪುವಾಗ ದೀಪ ಹಚ್ಚುವ ಹೊತ್ತು. ಶುಕ್ರವಾರ ದೀಪ ಹಚ್ಚಿದ ಮೇಲೆ ನಮ್ಮಲ್ಲಿ ಯಾರೂ ಹಾಲು ಮೊಸರು ಹೊರಗೆ ಕೊಡುವುದಿಲ್ಲ. ಅದು ಗೊತ್ತಿದ್ದೇ ರಾತ್ರಿ ಅಲ್ಲೇ ಉಳಿದು, ಶನಿವಾರ ಬೆಳಿಗ್ಗೆ ಕೇಳೋಣವೆಂದು ಹೋಗಿದ್ದೆ.

ಅತ್ತಿಗೆ ನೀರು ಕೊಟ್ಟಳು, ಮುಖ ಕೊಡಲಿಲ್ಲ. ಪಕ್ಕದ ಮನೆಯ ದೊಡ್ಡವ್ವ ಆಗಲೇ ಬಂದು ಹೊಸ್ತಿಲ ಬಳಿ ಕೂತಾಗಿತ್ತು.

"ನಮ್ಮ ಮೊಸರಲ್ಲಿ ಹುಳ ಅಂತೆ," ಅತ್ತಿಗೆ ಶುರುಮಾಡಿದಳು. "ಪಟ್ಟಣದೋರು ಚರಂಡಿಗೆ ಸುರುದ್ರಂತೆ. ನಿನ್ ಮಗಳು ಫೋನಲ್ಲಿ ಹೇಳುದ್ಲು. ನಾನು ಈ ಮನೆಗೆ ಬಂದಾಗಿಂದ ನನ್ ಮೊಸರನ್ನ ಒಬ್ರೂ ಒಂದು ಮಾತು ಅಂದಿರ್ಲಿಲ್ಲ ಕಣಮ್ಮಿ."

"ಹುಳ ಅಂತ ಅನ್ಲಿಲ್ಲ ಅತ್ತೆ..." ಎಂದು ಮಗಳು ಬಾಯಿ ತೆರೆದಳು.

"ನೀನು ಸುಮ್ಕಿರು ತಾಯಿ. ಓದ್ದೋಳು ನೀನು. ನಾವೇನು ಕಸ ಕೊಡ್ತೀವಾ? ಒಂದೊಂದು ಬಾಟ್ಲಿನೂ ಬೂದಿ ಆಕಿ ತಿಕ್ಕಿ, ಎರಡೆರಡು ಸಲ ನೀರಲ್ಲಿ ಜಾಲಿಸಿ ಕೊಟ್ಟಿವ್ನಿ."

"ನಾನು ಸೋಪಾಕಿದ್ದೆ," ಎಂದಳು ದೊಡ್ಡವ್ವ. "ಹೊಸ ಸೋಪು. ಇನ್ನೊಂದು ತೊಟ್ಟು ಕೊಡಾಕಿಲ್ಲ ಓಗು."

ಮಗಳು ನನ್ನ ಮುಖ ನೋಡಿದಳು. ಅವಳ ಡಿಗ್ರಿ ಆ ಹೊಸ್ತಿಲ ಮೇಲೆ ಕೂತಿತ್ತು. ನನಗೆ ಮಾತ್ರ ಭಯವಾಗಲಿಲ್ಲ. ಇದು ನನ್ನ ತವರು. ಇಲ್ಲಿ ಕೋಪ ಮಾಡಿಕೊಂಡವರೂ ಊಟಕ್ಕೆ ಕರೆಯದೆ ಇರುವುದಿಲ್ಲ.

"ಅತ್ಗೆ, ಒಂದು ಮಾತು ಕೇಳ್ತೀನಿ," ಎಂದೆ. "ಮಾರಮ್ಮನ ಹಬ್ಬಕ್ಕೆ ತಂಬಿಟ್ಟಿನ ಆರತಿ ಹೊರೋಕೆ ಮಡಿ ಸೀರೆ ಒಣಗಾಕಿರ್ತೀಯ. ಯಾರೋ ಬಂದು, ಪಾಪ ಒಳ್ಳೆ ಮನಸ್ಸಿಂದಲೇ, ತಡಿ ಇದನ್ನ ಇನ್ನೊಂದ್ಸಲ ಒಗ್ದುಕೊಡ್ತೀನಿ ಅಂತ ಮುಟ್ಬುಟ್ರೆ?"

"ಮುಟ್ಟಾಕೆ ಬುಟ್ಬುಟ್ಟೇನು! ಕೈ ಮುರೀತೀನಿ."

"ಯಾಕೆ? ಅವ್ಳ ಕೈ ಕೊಳಕಾ?"

"ಕೊಳಕಲ್ಲ. ಮಡಿ ಅಂದ್ರೆ ಮಡಿ. ಮುಟ್ಟುದ್ರೆ ಓಯ್ತು."

"ಈ ಬಾಟ್ಲಿನೂ ಅಂಗೇ. ಲ್ಯಾಬಲ್ಲಿ ಬಿಸಿ ಹಬೇಲಿ ಇಟ್ಟು ಮಡಿ ಮಾಡಿ ಮುಚ್ಚವ್ರೆ. ನೀವು ತೊಳುದ್ರಲ್ಲ, ಆಗ ಮಡಿ ಓಯ್ತು. ನಿಮ್ ಮೊಸರಿಗೆ ಯಾರೂ ಏನೂ ಅಂದಿಲ್ಲ."

ಅತ್ತಿಗೆ ಬಾಟಲಿಯ ಚೀಲದ ಕಡೆ ತಿರುಗಿ ನೋಡಿದಳು. ಮಗಳು ಅವಳ ಪಕ್ಕಕ್ಕೆ ಸರಿದು ಕೂತು ಮೆಲ್ಲಗೆ, "ತಪ್ಪು ನಂದೇ ಅತ್ತೆ. ತೊಳೀಬೇಡಿ ಅಂತ ಒಂದು ಮಾತು ಹೇಳಿದ್ರೆ ಮುಗೀತಿತ್ತು. ಅವಸರದಲ್ಲಿ ಕೊಟ್ಬುಟ್ಟು ಓಡ್ದೆ" ಎಂದಳು.

ದೊಡ್ಡವ್ವ ಕೇಳಿದಳು, "ಮತ್ತೆ ಮಡಿ ಬಾಟ್ಲಿ ಅಂತ ಮೊದ್ಲೇ ಒದ್ರಬಾರ್ದಿತ್ತಾ? ನನ್ ಹೊಸ ಸೋಪು ಉಳೀತಿತ್ತು."

ಮೊದಲು ನಕ್ಕವಳು ಅತ್ತಿಗೆಯೇ. ಆಮೇಲೆ ಮುದ್ದೆಗೆ ಎಸರಿಡಲು ಎದ್ದಳು.

ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಬಂದ ಹೆಂಗಸರು ಒಬ್ಬೊಬ್ಬರಾಗಿ ಕರೆದರು. ಮಗಳು ಮನೆಯಿಂದ ಮನೆಗೆ ಹೋಗಿ ಕೈಗವಸು ತೊಟ್ಟು, ಗಡಿಗೆಯ ಪಕ್ಕದಲ್ಲೇ ಬಾಟಲಿ ತೆರೆದು, ತುಂಬಿ ಮುಚ್ಚಿದಳು. ಅವಳಿಗಿಂತ ಅತ್ತಿಗೆಯದೇ ಕಾವಲು ಜೋರು. ಒಬ್ಬ ಹೆಂಗಸು ಮುಚ್ಚಳದ ಮೇಲೆ ಕುಂಕುಮವಿಡಲು ಬೆರಳು ಚಾಚಿದಾಗ, "ಏಯ್, ಮುಟ್ಬೇಡ ಕಣಮ್ಮಿ, ಮಡಿ!" ಎಂದು ಅತ್ತಿಗೆ ಕೂಗಿದ ರಭಸಕ್ಕೆ ಕೊಟ್ಟಿಗೆಯ ಎಮ್ಮೆ ತಿರುಗಿ ನೋಡಿತು. ದೊಡ್ಡವ್ವ ಗಡಿಗೆಯನ್ನು ಸೆರಗಿನಿಂದ ಒರೆಸಿ, ಬಾಟಲಿಗೆ ಕೈ ತಾಕದಂತೆ ದೂರ ನಿಂತಳು. ಬಾಟಲಿ ತುಂಬಿದ ಮೇಲೆ ಕೇಳಿದಳು, "ಬೆಲ್ಲನಾದ್ರೂ ಕೈಗೆ ಕೊಡ್ಲಾ, ಇಲ್ಲ ಅದೂ ಮಡಿಗೆ ಬರಾಕಿಲ್ವಾ?" ಮಗಳು ಕೈಗವಸು ಬಿಚ್ಚಿ ಅಂಗೈ ಒಡ್ಡಿದಳು.

ಸೋಮವಾರಕ್ಕೆ ಮುಂಚೆಯೇ ಬಾಟಲಿಗಳು ಲ್ಯಾಬಿನಲ್ಲಿದ್ದವು. ಆ ಸಲ ನೀರಿನ ಜೀವಿಗಳ ಸುಳಿವಿರಲಿಲ್ಲ. ಮೊದಲ ಸಲ ಸ್ಯಾಂಪಲ್ ಕೆಟ್ಟ ಕಥೆಯನ್ನು ವರದಿಯಲ್ಲಿ ಮುಚ್ಚಿಡಬೇಡ, ಬೆಲ್ಲದ ಚೂರನ್ನೂ ಸೇರಿಸಿ ಬರೆ ಎಂದರಂತೆ ಮೇಡಂ. ಮಗಳು ಬರೆದಳು. ಕಾಲೇಜಿನಲ್ಲಿ ಅದನ್ನು ವಿವರಿಸಿ ಹೇಳುವ ದಿನ ಹಣೆಗೆ ಪ್ರಸಾದದ ಕುಂಕುಮ ಇಡಲು ನಾನೇ ಬಾಗಿಲಲ್ಲಿ ನಿಂತೆ.

ಅವತ್ತು ಸಂಜೆ ಹಾಲು ಕಾಯಿಸಿ ಆರಲು ಇಟ್ಟಿದ್ದೆ. ಮಗಳು ಬಸ್‌ಸ್ಟ್ಯಾಂಡಿನಿಂದಲೇ ಫೋನು ಮಾಡಿದಳು. "ಕ್ರೆಡಿಟ್ ಪೂರ್ತಿ ಬಂತಮ್ಮ. ಎಂ.ಎಸ್ಸಿ. ಅರ್ಜಿ ಹಾಕ್ಬಹುದು."

ದೇವರ ಮುಂದೆ ಒಂದು ದೀಪ ಹಚ್ಚಿ ಬಂದು ಅತ್ತಿಗೆಗೆ ಫೋನು ಮಾಡಿದೆ. ಪೂರ್ತಿ ಕೇಳಿಸಿಕೊಂಡಳು. ಆಮೇಲೆ, "ಅದೆಲ್ಲಾ ಸರಿ ಕಣಮ್ಮಿ, ಯಾರ ಮನೆ ಮೊಸರು ಫಸ್ಟು?" ಎಂದಳು.

"ಅದರಲ್ಲಿ ಫಸ್ಟು ಸೆಕೆಂಡು ಇಲ್ಲ ಅತ್ಗೆ. ನಿಂದೂ ನಂದೂ ಇವತ್ತಿಗೂ ಹತ್ರದ ಸಂಬಂಧವೇ ಅಂತೆ."

"ಅಂದ್ರೆ ನಂದೇ ಫಸ್ಟು. ನಿಂದು ಇಲ್ಲಿಂದ ತಾನೇ ಓಗಿದ್ದು!"

ಫೋನಿಟ್ಟು ಪಾತ್ರೆಗೆ ಬೆರಳು ತಾಕಿಸಿ ನೋಡಿದೆ. ಹಾಲು ಉಗುರುಬೆಚ್ಚಗಾಗಿತ್ತು. ಬೆಳಗಿನ ಮೊಸರಿನಿಂದ ಒಂದು ಚಮಚ ತೆಗೆದು ಹೆಪ್ಪು ಹಾಕಿ, ಮುಚ್ಚಿಟ್ಟೆ.