ರೊಟ್ಟಿಯಡಿಯ ಬೆಣ್ಣೆ

ನಮ್ಮವ್ವ ರೊಟ್ಟಿ ಬಡಿಯುವುದರಲ್ಲಿ ಗಟ್ಟಿಗಿತ್ತಿ ಎಂದು ಊರೆಲ್ಲ ಹೇಳುತ್ತಿತ್ತು. ಊರಿಗೆ ಗೊತ್ತಿಲ್ಲದ್ದು ಏನೆಂದರೆ, ಅವಳು ಬೆಣ್ಣೆ ಬಚ್ಚಿಡುವುದರಲ್ಲಿ ಇನ್ನೂ ಗಟ್ಟಿಗಿತ್ತಿ.

ಜಗಳೂರು ತಾಲ್ಲೂಕಿನ ಸೊಕ್ಕೆಯಲ್ಲಿ ನಮ್ಮ ಮನೆ. ಒಂದು ಎಮ್ಮೆ; ಅಣ್ಣ ಮತ್ತು ನಾನು, ಇಬ್ಬರೇ ಮಕ್ಕಳು. ಬೆಳಿಗ್ಗೆ ಮಜ್ಜಿಗೆ ಕಡೆದಾಗ ಬಂದ ಬೆಣ್ಣೆಯಲ್ಲಿ ಹೆಚ್ಚಿನದು ತುಪ್ಪಕ್ಕೆ ಹೋಗುತ್ತಿತ್ತು. ಉಳಿದ ನಿಂಬೆಗಾತ್ರದ ಉಂಡೆ ಇಬ್ಬರಿಗೂ ಸಮಪಾಲು ಎಂಬುದು ಮನೆಯ ಘೋಷಣೆ. ನನ್ನ ರೊಟ್ಟಿಯ ಮೇಲೆ ಹುಣಸೆಬೀಜದಷ್ಟು, ಅಣ್ಣನ ರೊಟ್ಟಿಯ ಮೇಲೂ ಹುಣಸೆಬೀಜದಷ್ಟು. ಮಿಕ್ಕಿದ್ದೆಲ್ಲ ಅವನ ತಟ್ಟೆಯಲ್ಲಿ, ರೊಟ್ಟಿಯ ಅಡಿಯಲ್ಲಿ. ಮೇಲಿಂದ ನೋಡಿದರೆ ಎಂಥಾ ನ್ಯಾಯ! ಅವ್ವ ಯಾವುದಾದರೂ ಇಲಾಖೆಯಲ್ಲಿ ಆಫೀಸರಾಗಬೇಕಿತ್ತು.

ನಾಲ್ಕನೇ ಕ್ಲಾಸಿನಲ್ಲಿದ್ದಾಗ ನನಗೆ ಈ ಗುಟ್ಟು ಗೊತ್ತಾಯಿತು. ಒಂದು ದಿನ ಅಣ್ಣ ಕೈ ತೊಳೆಯಲು ಎದ್ದಾಗ ತಟ್ಟೆ ಅದಲುಬದಲು ಮಾಡಿದೆ. ಒಲೆಯ ಮುಂದಿದ್ದ ಅವ್ವ ತಿರುಗಿದಳು, ನನ್ನ ಗದ್ದದ ಮೇಲೆ ಇಳಿದ ಜಿಡ್ಡನ್ನು ನೋಡಿದಳು. ಅರ್ಧ ತಿಂದ ರೊಟ್ಟಿಯನ್ನು ನನ್ನ ಕೈಯಿಂದ ಕಿತ್ತು ಅಣ್ಣನ ತಟ್ಟೆಗೆ ಹಾಕಿದಳು.

“ಅವನು ಗಂಡುಹುಡುಗ, ನಾಳೆ ದುಡೀಬೇಕು. ನೀನು ಈಗಲೇ ಇಷ್ಟು ರುಚಿ ಹತ್ತಿಸ್ಕೊಂಡು ಯಾರ ಮನೆ ಉದ್ಧಾರ ಮಾಡಾಕೆ ಹೋಗ್ತೀಯೇ?”

ಪಕ್ಕದಲ್ಲೇ ಅಪ್ಪ ಕೂತಿದ್ದ. ಊರಾಚೆ ಎದ್ದ ಮೋಡದಲ್ಲಿ ಎಷ್ಟು ಮಳೆಯಿದೆ ಎಂದು ಹೇಳಬಲ್ಲ ಅವನ ಕಣ್ಣಿಗೆ ಎರಡು ಮೊಳ ಆಚೆಯ ತಟ್ಟೆ ಕಾಣಲಿಲ್ಲ. ಇನ್ನು ಅಣ್ಣನ ದುಡಿಮೆಯ ವಿಷಯ. ತಿಂದ ತಟ್ಟೆಯನ್ನು ಎತ್ತಿ ಬಚ್ಚಲಿಗೆ ಇಡುವಷ್ಟು ಶಕ್ತಿಯೂ ಆ ಬೆಣ್ಣೆಯಿಂದ ಅವನಿಗೆ ಬರಲಿಲ್ಲ. ಎತ್ತುತ್ತಿದ್ದವಳು ನಾನು. ಎತ್ತುವಾಗ ತಳಕ್ಕೆ ಅಂಟಿದ ಜಿಡ್ಡನ್ನು ಬೆರಳಲ್ಲಿ ಬಳಿದು ನೆಕ್ಕುತ್ತಿದ್ದೆ. ಇದನ್ನು ಬರೆಯುವಾಗ ಈಗಲೂ ಮೈ ಉರಿಯುತ್ತದೆ.

ಈಗ ನಾನು ಹೊನ್ನಾಳಿಯಲ್ಲಿ ಹೈಸ್ಕೂಲು ಟೀಚರ್. ಮಗಳಿಗೆ ಹತ್ತು ವರ್ಷ, ಮಗನಿಗೆ ಏಳು. ನನ್ನ ಮನೆಯಲ್ಲಿ ಬೆಣ್ಣೆಗೆ ಒಂದೇ ಚಮಚ, ಇಬ್ಬರಿಗೂ ಅದೇ ಅಳತೆ. ಉಬ್ಬಿದ್ದನ್ನು ಚಾಕುವಿನ ಬೆನ್ನಿಂದ ಸಮ ಮಾಡಿಯೇ ರೊಟ್ಟಿಯ ಮೇಲೆ ಹಾಕುವುದು. ಈ ಚಮಚದ ಕತೆಯನ್ನು ಸ್ಟಾಫ್ ರೂಮಿನಲ್ಲಿ ಎಷ್ಟು ಸಲ ಹೇಳಿದ್ದೆನೆಂದರೆ, ನಾನು ಡಬ್ಬಿ ತೆಗೆದರೆ ಸಾಕು, ಉಳಿದ ಟೀಚರುಗಳಿಗೆ ಬೆಲ್ ಹೊಡೆಯುವ ಮೊದಲೇ ಕ್ಲಾಸಿನ ನೆನಪಾಗುತ್ತಿತ್ತು.

ಹೋದ ವರ್ಷ ಅವ್ವ ನಾಲ್ಕು ದಿನ ಇರಲು ಬಂದಳು, ಡಬ್ಬಿಯ ತುಂಬ ಬೆಣ್ಣೆ ತಂದಳು. ಮಾರನೇ ಬೆಳಿಗ್ಗೆ ಅವಳನ್ನು ಎದುರಿಗೆ ಕೂರಿಸಿಕೊಂಡೇ ಮಕ್ಕಳಿಗೆ ಬಡಿಸಿದೆ. ಬೇಕೆಂದೇ ಚಮಚವನ್ನು ಎತ್ತಿ ತೋರಿಸಿ, ಚಾಕು ಎಳೆದು, ಇಬ್ಬರಿಗೂ ಹಾಕಿದೆ. ಮಗಳು ಎಂದಿನಂತೆ ತನ್ನ ಬೆಣ್ಣೆಯಲ್ಲಿ ಅರ್ಧವನ್ನು ತಮ್ಮನ ರೊಟ್ಟಿಗೆ ಸವರಿದಳು. ಅವನು ತಲೆ ಎತ್ತದೆ ತಿಂದ.

“ಜಾಣೆ ನನ್ನ ಮಗಳು” ಎಂದು ಎಂದಿನಂತೆ ಅವಳ ತಲೆ ಸವರಿದೆ. ಆಮೇಲೆ ಅವ್ವನ ಕಡೆ ತಿರುಗಿದೆ. “ನೋಡಿದ್ಯಾ ಅವ್ವ? ನಿನ್ನಂಗೆ ರೊಟ್ಟಿ ಅಡೀಲಿ ಇಡೋ ಕೆಲಸ ಈ ಮನೇಲಿ ಇಲ್ಲ.”

ಅವ್ವ ಮಕ್ಕಳು ಎದ್ದು ಹೋಗುವವರೆಗೆ ಕಾದಳು.

“ದಿನಾ ಕೊಡ್ತಾಳೇನು?”

“ಹೂಂ. ನಾನೇನೂ ಹೇಳಲ್ಲ, ಅವಳೇ ಕೊಡ್ತಾಳೆ.”

“ಅವನು ಯಾವತ್ತಾದ್ರೂ ಅವಳಿಗೆ ಕೊಟ್ಟಾನೇನು?”

ನಾನು ಮಗನ ಖಾಲಿ ತಟ್ಟೆಯನ್ನು ಎತ್ತಿಕೊಂಡೆ.

“ನಾನು ಮಾಡಿದ್ದು ತಪ್ಪೇ ಐತೆ. ತಪ್ಪು ಅಂತ ಗೊತ್ತಿತ್ತು, ಅದಕ್ಕೇ ಮುಚ್ಚಿ ಇಡ್ತಿದ್ದೆ. ನೀನು ಆ ಕೂಸಿನ ಕೈಯಿಂದಲೇ ಕೊಡಿಸ್ತೀಯ. ಮೇಲೆ ತಲೆ ಬೇರೆ ಸವರ್ತೀಯ. ಓದಿದಾಕಿ ನೋಡು ನೀನು!”

ಜಗಳ ಮಾಡಲು ನನ್ನ ಹತ್ತಿರ ಮೂವತ್ತು ವರ್ಷದ ಸರಕು ಇತ್ತು. ಆದರೆ ಕದ್ದು ಬಡಿಸಿದವಳಿಗೆ ಇದ್ದಷ್ಟು ನಾಚಿಕೆಯೂ ಅಳೆದು ಬಡಿಸಿದ ನನಗೆ ಇರಲಿಲ್ಲವಲ್ಲ ಎಂದು ನನ್ನ ಮೇಲೇ ಅಸಹ್ಯವಾಯಿತು. ನನಗೆ ಬೇಕಾದದ್ದು ಚಮಚದಿಂದ ಬರುವ ಒಳ್ಳೆಯ ಹೆಸರು. ಬೆಣ್ಣೆ ಕೊನೆಗೆ ಯಾರ ಹೊಟ್ಟೆ ಸೇರಿತು ಎಂದು ಕಣ್ಣೆದುರೇ ನಡೆದರೂ ನಾನು ಒಂದು ದಿನವೂ ಲೆಕ್ಕ ಹಾಕಿರಲಿಲ್ಲ. ಅಪ್ಪನ ಕಣ್ಣು ನನಗೂ ಬಂದಿತ್ತು.

ಮರುದಿನ ಬೆಳಿಗ್ಗೆ ಅದೇ ರೊಟ್ಟಿ, ಅದೇ ಚಮಚ. ಚಾಕು ತರಲಿಲ್ಲ. ಮಗ ಅಭ್ಯಾಸದಂತೆ ತನ್ನ ತಟ್ಟೆಯನ್ನು ಅಕ್ಕನ ಕಡೆ ಸರಿಸಿದ. ಅವಳು ಬೆಣ್ಣೆಗೆ ಬೆರಳು ಹಾಕಿದಳು. ನಾನು ಅವಳ ಕೈ ಹಿಡಿದೆ.

“ಇವತ್ತು ಕೊಡಬೇಡ. ಪೂರ್ತಿ ನೀನೇ ತಿನ್ನು.”

ಅವಳು ನನ್ನ ಮುಖ ನೋಡಿದಳು. ಎದುರಿಗೆ ಕೂತ ಅವ್ವ ರೊಟ್ಟಿ ಮುರಿಯುವುದನ್ನು ನಿಲ್ಲಿಸಿದಳು.

“ತಿಂದ್ರೆ ಜಾಣೆ ಅನ್ನಲ್ವೇನಮ್ಮ?” ಎಂದು ಕೇಳಿದಳು ನನ್ನ ಮಗಳು.